ಮನೆಯ ಎನರ್ಜಿ ಆಡಿಟ್: ಹುಡುಗ ಚೆನ್ನಾಗಿ ನೋಡಿದ, ಸಾಫ್ಟ್‌ವೇರ್‌ಗೆ ಮಲೆನಾಡೇ ಗೊತ್ತಿಲ್ಲ

ಚಿಕ್ಕಮಗಳೂರಿನಲ್ಲಿ ಮನೆಗೆ ಬಂದು ಎನರ್ಜಿ ಆಡಿಟ್ (ಕರೆಂಟ್ ಎಲ್ಲೆಲ್ಲಿ ಎಷ್ಟು ಹೋಗುತ್ತದೆ ಅನ್ನುವ ತಪಾಸಣೆ) ಮಾಡುವವರು ಸಿಗುವುದೇ ಅಪರೂಪ. ಅಂತೂ ಒಬ್ಬರು ಸಿಕ್ಕರು, ಹೆಸರು ಬೇಡ. ಐದಕ್ಕೆ ಮೂರು ಸ್ಟಾರ್, ಆ ಮೂರೂ ಮನೆಗೆ ಬಂದ ಹುಡುಗನಿಗೆ.

ಹುಡುಗ ಚುರುಕು. ಫ್ರಿಜ್, ಪಂಪ್, ಗೀಸರ್ ಒಂದನ್ನೂ ಬಿಡದೆ ಅಳೆದ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್ ಹೋಯಿತು ಅಂತ ಲೆಕ್ಕ. 75 ವ್ಯಾಟ್‌ನ ಹಳೇ ಫ್ಯಾನ್ ತೆಗೆದು ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಮೋಟಾರಿನ ಫ್ಯಾನ್ ಹಾಕಿದರೆ ಸುಮಾರು 30 ವ್ಯಾಟ್ ಸಾಕು, ಆದರೆ ಈ ಊರಲ್ಲಿ ಫ್ಯಾನ್ ತಿರುಗುವುದೇ ಬೇಸಿಗೆಯಲ್ಲಿ ಸ್ವಲ್ಪ ದಿನ, ಮೊದಲು ಗೀಸರ್ ಕಡೆ ನೋಡಿ ಅಂದ. ಸರಿಯಾದ ಮಾತು ಅಲ್ವಾ?

ಎಡವಟ್ಟಾಗಿದ್ದು ರಿಪೋರ್ಟ್‌ನಲ್ಲಿ. ಇವರ ಸಾಫ್ಟ್‌ವೇರ್ ಗೋಡೆ, ಚಾವಣಿ, ಮನೆಯ ವಯಸ್ಸು, ಜನ ಎಷ್ಟು ಅಂತ ನೋಡಿ ನಿಮ್ಮನ್ನು ಒಂದು ಮಾದರಿ ಮನೆಯ ಗುಂಪಿಗೆ ಹಾಕುತ್ತದೆ. ಇಡೀ ದೇಶದ ಮನೆಗಳ ಬಳಕೆ ಅಂದಾಜು ಮಾಡಲು ಇದು ಒಳ್ಳೆಯ ದಾರಿಯೇ. ಮಾದರಿ ಮನೆಯ ಬಳಕೆಯನ್ನು ಅಂಥ ಮನೆಗಳ ಸಂಖ್ಯೆಯಿಂದ ಗುಣಿಸಿ ಎಲ್ಲ ಗುಂಪನ್ನೂ ಕೂಡಿಸಿದರೆ ಆಯಿತು. ಬ್ರಿಟನ್‌ನಲ್ಲಿ ಬ್ರೆಡೆಮ್ ಎಂಬ ಲೆಕ್ಕದ ವಿಧಾನ ದಶಕಗಳಿಂದ ಇಂಥ ಕೆಲಸಕ್ಕೆ ಬಳಕೆಯಲ್ಲಿದೆ, ಅಲ್ಲಿ ಮನೆ ಬೆಚ್ಚಗಿಡುವುದೇ ದೊಡ್ಡ ಖರ್ಚು. ಲಕ್ಷಗಟ್ಟಲೆ ಮನೆ ಸೇರಿದಾಗ ಒಂದರ ಹೆಚ್ಚು ಇನ್ನೊಂದರ ಕಡಿಮೆ ಸರಿದೂಗುತ್ತದೆ. ಆ ಸರಾಸರಿಯನ್ನೇ ತಂದು ನನ್ನೊಬ್ಬನ ಮನೆಗೆ ಅಂಟಿಸಿ ದುಡ್ಡು ತೆಗೆದುಕೊಂಡರೆ?

ಸಾಫ್ಟ್‌ವೇರ್‌ನ ಚಾವಣಿ ಪಟ್ಟಿಯಲ್ಲಿ ಮಂಗಳೂರು ಹೆಂಚಿನ ಮಾಡೇ ಇಲ್ಲ, ಸುಮ್ನೆ ಆರ್‌ಸಿಸಿ ಅಂತ ಹಾಕಿದ್ದಾರೆ. ಮಳೆಗಾಲವಿಡೀ ನಮಗೆ ಬಚ್ಚಲ ಹಂಡೆಯಲ್ಲೇ ನೀರು ಕಾಯುವುದು, ತೋಟದ ಸೌದೆಯಲ್ಲಿ. ಅದು ಕರೆಂಟ್ ಬಿಲ್‌ನಲ್ಲಿ ಕಾಣುವುದಿಲ್ಲ, ಹಾಗಾಗಿ ಸಾಫ್ಟ್‌ವೇರ್ ಪಾಲಿಗೆ ನಾವು ವರ್ಷಪೂರ್ತಿ ಗೀಸರ್ ಉರಿಸುವ ಜನ. ಮೇಲಿಂದ ಬೇಸಿಗೆಗೆ ಎಸಿ ಖರ್ಚು ಬೇರೆ ಸೇರಿಸಿದ್ದಾರೆ, ಇಲ್ಲದ ಎಸಿಗೆ! ಒಣಗುವ ಕಡೂರಿಗೂ ಮಳೆ ಬಿಡದ ಶೃಂಗೇರಿಗೂ ಜಿಲ್ಲೆ ಒಂದೇ ಅಂತ ಒಂದೇ ಹವಾಮಾನ ಹಾಕಿದರೆ ಹೀಗೇ ಆಗುವುದು.

ಉಳಿತಾಯದ ಪುಟ ಇನ್ನೂ ತಮಾಷೆ. 2023ರ ಆಗಸ್ಟ್‌ನಿಂದ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿರುವ ಮನೆಗೆ ತಿಂಗಳಿಗೆ ಇಷ್ಟು ರೂಪಾಯಿ ಉಳಿಯುತ್ತದೆ ಅಂತ ಬರೆದಿದ್ದಾರೆ. ಯೂನಿಟ್ ಉಳಿಯುತ್ತದೆ ನಿಜ, ರೂಪಾಯಿ ಎಲ್ಲಿಂದ ಉಳಿಯಬೇಕು?

ಕರೆಸುವುದಾದರೆ ಅಳತೆ ಮಾಡಿದ ಹಾಳೆಯನ್ನು ಅಲ್ಲೇ ಕೇಳಿ ಇಸಿದುಕೊಳ್ಳಿ. ಬಣ್ಣದ ರಿಪೋರ್ಟ್‌ಗೆ ಬೇರೆ ದುಡ್ಡು ಅಂದರೆ ಬೇಡ ಅನ್ನಿ.