ನಾಲ್ಕು ವರ್ಷ ಟಿಲ್ಟ್ ಬಕೆಟ್ ಬಳಸಿದ ಮೇಲೆ: ಎಣ್ಣೆ ಸೋರಲಿಲ್ಲ, ಕೆಟ್ಟಿದ್ದು ಗ್ರೀಸ್ ಜಾಗ

ನಮ್ಮ ಮಂಡ್ಯ ಕಡೆ ಚೈನ್ ಇದ್ದರೆ ಹಿಟಾಚಿ, ಟೈರ್ ಇದ್ದರೆ ಜೆಸಿಬಿ. ಕಂಪನಿ ಯಾವುದು ಅಂತ ಯಾರೂ ಕೇಳುವುದಿಲ್ಲ. ನನ್ನದು ಎಂಟು ಟನ್ನಿನ ಹಿಟಾಚಿ, ಬೇರೆ ಕಂಪನಿಯದು. ನಾಲ್ಕು ವರ್ಷದ ಹಿಂದೆ ಅದರ ಬಕೆಟ್ ಮೇಲೆ ಒಂದು ಟಿಲ್ಟ್, ಅಂದರೆ ಬಕೆಟ್ಟನ್ನು ಎಡಕ್ಕೂ ಬಲಕ್ಕೂ ಓರೆ ಮಾಡುವ ಸಾಧನ, ಹಾಕಿಸಿದೆ. ಪಕ್ಕದಲ್ಲಿ ಜ್ಯಾಕ್ ಇಟ್ಟು ಎಳೆಯುವ ಮಾದರಿ ಅಲ್ಲ, ಎಣ್ಣೆಯ ಒತ್ತಡದಲ್ಲಿ ಶಾಫ್ಟ್ ತಿರುಗಿಸುವ ಹೈಡ್ರಾಲಿಕ್ ರೋಟರಿ ಆಕ್ಚುಯೇಟರ್ ಇರುವುದು. ಸೆಕೆಂಡ್ ಹ್ಯಾಂಡ್, ಎರಡೂವರೆ ಲಕ್ಷ. ಮನೆಯಲ್ಲಿ ಒಂದು ವಾರ ಮಾತುಕತೆ ಇರಲಿಲ್ಲ.

ತಗೊಂಡಿದ್ದು ಯಾಕೆ ಅಂದರೆ, ನಮ್ಮದು ಜಾಸ್ತಿ ನಾಲೆ ಕೆಲಸ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ತೂಬಿನ ಕಾಲುವೆಗಳು, ಗದ್ದೆ ಬದಿಯ ಬಸಿಗಾಲುವೆಗಳು. ಏರಿ ಇಳಿಜಾರಾಗಿರುತ್ತದೆ, ಬಕೆಟ್ ನೇರವಾಗಿರುತ್ತದೆ. ಇಳಿಜಾರು ಕೆರೆಯಬೇಕು ಅಂದರೆ ಮೆಷಿನ್ನನ್ನೇ ಓರೆ ನಿಲ್ಲಿಸಬೇಕಿತ್ತು. ಈಗ ಬಕೆಟ್ ಮಾತ್ರ ತಿರುಗುತ್ತದೆ. ಮೊದಲ ದಿನ ಏರಿ ಕೆರೆದ ಮೇಲೆ ಆಪರೇಟರ್ ಹುಡುಗ ಇಳಿದು ಬಂದು, ‘ಅಣ್ಣ, ಗೋಡೆಗೆ ಗಾರೆ ಸವರ್ದಂಗೆ ಬಂತು ಕಣಣ್ಣ’ ಅಂದಿದ್ದ. ಆ ಖುಷಿ ಇನ್ನೂ ಕಮ್ಮಿ ಆಗಿಲ್ಲ. ಎಷ್ಟು ಡಿಗ್ರಿ, ಎಷ್ಟು ಟಾರ್ಕ್ ಅನ್ನುವುದೆಲ್ಲ ಕಂಪನಿ ಹಾಳೆಯಲ್ಲಿ ಇದೆ, ನೋಡಿಕೊಳ್ಳಿ. ಹಾಳೆಯಲ್ಲಿ ಇಲ್ಲದ್ದನ್ನು ಹೇಳುತ್ತೇನೆ.

ಒಳಗೆ ಏನಿದೆ ಅಂತ ನನಗೆ ಗೊತ್ತಾಗಿದ್ದು ಬಿಚ್ಚಿದ ದಿನವೇ. ಸ್ಕ್ರೂ ಜಾಕಿ ತಿರುಗಿಸಿದರೆ ಮೇಲೆ ಏಳುತ್ತದಲ್ಲ, ಇದು ಅದರ ಉಲ್ಟಾ. ಇಲ್ಲಿ ಎಣ್ಣೆ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ನಿಗೆ ಒಳಗೂ ಹೊರಗೂ ಸುರುಳಿ ಹಲ್ಲು ಇರುವುದರಿಂದ ಅದು ಮುಂದೆ ಹೋದಷ್ಟೂ ನಡುವಿನ ಶಾಫ್ಟ್ ತಿರುಗುತ್ತದೆ. ಈ ಹಲ್ಲುಗಳೆಲ್ಲ ಹೈಡ್ರಾಲಿಕ್ ಎಣ್ಣೆಯಲ್ಲೇ ಮುಳುಗಿರುತ್ತವೆ, ಅವುಗಳ ಚಿಂತೆ ನಮಗೆ ಬೇಡ. ಚಿಂತೆ ಇರುವುದು ಎರಡು ತುದಿಯಲ್ಲಿ. ಅಲ್ಲಿ ಶಾಫ್ಟಿನ ಭಾರ ಹೊರುವ ಥ್ರಸ್ಟ್ ಬೇರಿಂಗ್ ಇದೆ. ಅದರ ಒಳಬದಿಯ ಸೀಲ್ ಎಣ್ಣೆ ಹೊರಗೆ ಬಾರದಂತೆ ತಡೆಯುತ್ತದೆ. ಹೊರಬದಿಯ ವೈಪರ್ ಸೀಲ್ ಮಣ್ಣು ಒಳಗೆ ಹೋಗದಂತೆ ತಡೆಯುತ್ತದೆ. ಬೇರಿಂಗ್ ಇವೆರಡರ ನಡುವೆ. ಅಲ್ಲಿಗೆ ಎಣ್ಣೆ ತಲುಪುವುದಿಲ್ಲ. ನಾವು ಹಾಕುವ ಗ್ರೀಸೇ ಅದಕ್ಕೆ ಗತಿ.

ಒಳ ಸೀಲ್ ಬಗ್ಗೆ ನನಗೆ ಒಂದು ದೂರೂ ಇಲ್ಲ. ಅವರ್ ಮೀಟರ್ ಲೆಕ್ಕದಲ್ಲಿ 3,400 ಗಂಟೆ ದುಡಿಸಿದ್ದೇನೆ. ಒಂದು ತೊಟ್ಟು ಎಣ್ಣೆ ಹೊರಗೆ ಬಂದಿಲ್ಲ. ನನ್ನ ತಲೆ ಕೆಡಿಸಿದ್ದು ಅಂಗೈ ಮೇಲೆ ಇಟ್ಟರೆ ಭಾರವೇ ಗೊತ್ತಾಗದ ಆ ಹೊರಗಿನ ವೈಪರ್ ಸೀಲು.

ಎರಡನೇ ವರ್ಷದ ಬೇಸಿಗೆ. ನಾಲೆಗೆ ನೀರು ನಿಲ್ಲಿಸಿದ್ದರು. ನಮಗೆ ಹೂಳಿನ ಕೆಲಸ ಸಿಗುವುದೇ ಆಗ, ನೀರು ಬಿಟ್ಟರೆ ಮುಗಿಯಿತು. ಒಂದು ಬೆಳಗ್ಗೆ ಬಕೆಟ್ ತಿರುಗುವಾಗ ರಾಗಿ ಕಲ್ಲು ಬೀಸಿದ ಹಾಗೆ ಸದ್ದು ಬಂತು. ಹತ್ತಿರ ಹೋಗಿ ನೋಡಿದರೆ ಒಂದು ತುದಿಯಲ್ಲಿ ವೈಪರ್ ಸೀಲಿನ ತುಟಿ ಮಡಚಿಕೊಂಡು ಆಚೆಗೆ ಚಾಚಿತ್ತು. ಸುತ್ತ ಬೂದು ಬಣ್ಣದ ಅಂಬಲಿ, ಗ್ರೀಸೂ ಹೂಳೂ ಕಲಸಿಕೊಂಡಿದ್ದು.

ಹುಡುಗನನ್ನು ಕೇಳಿದೆ. ‘ದಿನಾ ಗ್ರೀಸ್ ಹೊಡೀತಾನೇ ಇದೀನಿ ಕಣಣ್ಣ. ಇವತ್ಯಾಕೋ ಗಟ್ಟಿ ಅನ್ನಿಸ್ತು, ಜೋರಾಗಿ ಒತ್ತಿದೆ’ ಅಂದ.

ತಪ್ಪು ಅವನದಲ್ಲ. ಬಕೆಟ್ ಪಿನ್ನಿಗೆ ಹಾಗೇ ಹೊಡೆಯುವುದು, ಜಾಸ್ತಿಯಾದ ಗ್ರೀಸ್ ಬುಷ್ ಸಂದಿಯಿಂದ ಆಚೆ ಬರುತ್ತದೆ. ಇಲ್ಲಿ ಹಾಗಲ್ಲ. ಗ್ರೀಸ್ ಗನ್ ಹಚ್ಚುವ ಮೂತಿಗೆ ನಿಪ್ಪಲ್ ಅನ್ನುತ್ತಾರೆ, ಅದರ ಎದುರು ಬದಿಯಲ್ಲಿ ಒಂದು ಪುಟ್ಟ ಪ್ಲಗ್ ಇದೆ. ಮೊದಲು ಅದನ್ನು ಬಿಚ್ಚಬೇಕು, ಆಮೇಲೆ ಗನ್ ಹಿಡಿಯಬೇಕು. ಹಳೇ ಗ್ರೀಸ್ ಆಚೆ ಹೋಗುವ ದಾರಿ ಅದೊಂದೇ. ಮುಚ್ಚಿಟ್ಟು ಒತ್ತಿದರೆ ಗ್ರೀಸ್ ಸೀಲನ್ನೇ ತಳ್ಳಿಕೊಂಡು ಹೊರಡುತ್ತದೆ. ಕೈ ಗನ್ ಅಂದರೆ ಏನು ಮಹಾ ಅಂದುಕೊಳ್ಳಬೇಡಿ. ಕಾರಿನ ಟೈರಲ್ಲಿ ಇರುವುದು ಎರಡು ಚಿಲ್ಲರೆ ಬಾರ್ ಗಾಳಿ. ಉದ್ದ ಹಿಡಿಯ ಗ್ರೀಸ್ ಗನ್ ಸಲೀಸಾಗಿ 300 ಬಾರ್ ದಾಟುತ್ತದೆ. ವೈಪರ್ ಸೀಲ್ ಇರುವುದು ಮಣ್ಣು ಒರೆಸುವುದಕ್ಕೆ, ಒತ್ತಡ ತಡೆಯುವುದಕ್ಕಲ್ಲ.

ಮಾರಿದವನು ಇದನ್ನು ಹೇಳಬೇಕಿತ್ತೋ ಬೇಡವೋ? ಎರಡೂವರೆ ಲಕ್ಷ ಎಣಿಸಿಕೊಂಡ, ಟೀ ಕುಡಿಸಿದ, ಪ್ಲಗ್ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಮ್ಯಾನ್ಯುಯಲ್ಲಿನಲ್ಲಿ ಇದೆ, ಒಂದೇ ಒಂದು ಸಾಲು, ಬೋಲ್ಟ್ ಟೈಟ್ ಮಾಡುವ ಪಟ್ಟಿಯ ಕೆಳಗೆ.

ಸೀಲ್ ಕಿಟ್ಟಿಗೆ ಹದಿನೆಂಟು ಸಾವಿರ ಅಂದರು, ಇಪ್ಪತ್ತನಾಲ್ಕು ದಿನ ಕಾಯಿಸಿದರು. ಅಷ್ಟರಲ್ಲಿ ನಾಲೆಗೆ ನೀರು ಬಂದೇ ಬಿಡುತ್ತದೆ ಅಂತ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಬಂದೆ. ಓ-ರಿಂಗ್‌ಗಳೇನೋ ವರ್ನಿಯರ್ ಹಿಡಿದು ಅಳೆದ ತಕ್ಷಣ ಸಿಕ್ಕವು. ವೈಪರ್ ಸೀಲೂ ಹತ್ತಿರದ ಅಳತೆಯದು ಸಿಕ್ಕಿತು. ಪಿಸ್ಟನ್ ಮೇಲಿನ ಸೀಲಿಗೆ ಎರಡೂ ಬದಿ ಗಟ್ಟಿ ಪ್ಲಾಸ್ಟಿಕ್ಕಿನ ಬಳೆ ಇರುತ್ತದೆ, ಒತ್ತಡಕ್ಕೆ ರಬ್ಬರು ಸಂದಿಗೆ ನುಗ್ಗದ ಹಾಗೆ. ಅದು ಮಾತ್ರ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕೊನೆಗೆ ಕಿಟ್ಟಿಗೇ ಕಾದೆ. ಆ ವರ್ಷದ ಹೂಳಿನ ಕೆಲಸ ಪಕ್ಕದೂರಿನವನ ಪಾಲಾಯಿತು.

ಬಿಚ್ಚಿ ಕೂರಿಸಿದವರು ಮೈಸೂರಿನ ಒಬ್ಬ ವಯಸ್ಸಾದ ಮೇಸ್ತ್ರಿ. ಸೀಲ್ ಹತ್ತಿರ ಸ್ಕ್ರೂಡ್ರೈವರ್ ತಂದರೆ ಬೈಯುತ್ತಿದ್ದರು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಉಜ್ಜಿ ಮೊಂಡು ಮಾಡಿಟ್ಟುಕೊಂಡಿದ್ದರು, ಅದರಲ್ಲೇ ಸೀಲನ್ನು ಅದು ಕೂರುವ ತೋಡಿಗೆ ಇಳಿಸಿದ್ದು. ಹಾಕುವ ಮೊದಲು ಪ್ರತಿ ಸೀಲನ್ನೂ ಎಣ್ಣೆಯಲ್ಲಿ ಅದ್ದುತ್ತಿದ್ದರು. ಶಾಫ್ಟ್ ಒರೆಸಿ, ನನ್ನ ಕೈ ಹಿಡಿದು ಉಗುರನ್ನು ಅದರ ಮೇಲೆ ಎಳೆಸಿದರು. ಒಂದು ಕಡೆ ಉಗುರು ತಡೆಯಿತು. ‘ನೋಡಪ್ಪ, ಮರಳು ಬರೆದಿರೋ ಗೆರೆ. ಇದು ವೈಪರ್ ಕೂರೋ ಜಾಗ, ನಿನ್ ಪುಣ್ಯ. ಇನ್ನೊಂದು ಇಂಚು ಒಳಗೆ ಆಗಿದ್ರೆ ಎಷ್ಟ್ ಹೊಸ ಸೀಲ್ ಹಾಕಿದ್ರೂ ಸೋರ್ತಿತ್ತು’ ಅಂದರು. ಥ್ರಸ್ಟ್ ವಾಷರ್ ಮೇಲೆ ಬೆಕ್ಕು ಪರಚಿದ ಹಾಗೆ ಗೀರುಗಳು. ಅದನ್ನೂ ಬದಲಾಯಿಸಿದೆವು.

ಅವತ್ತಿನಿಂದ ಗ್ರೀಸ್ ಹಾಕುವ ಕೆಲಸ ನಾನೇ ಇಟ್ಟುಕೊಂಡಿದ್ದೇನೆ. ಸುಳ್ಳು ಯಾಕೆ, ಈಗ ಅದು ನನಗೆ ಇಷ್ಟ. ಭಾನುವಾರ ಬೆಳಗ್ಗೆ, ಬಿಸಿಲು ಏರುವ ಮುಂಚೆ. ಬಕೆಟ್ ನೆಲಕ್ಕೆ ಇಳಿಸಿ, ಎಂಜಿನ್ ಆಫ್ ಮಾಡಿ, ಲಿವರ್ ಆಡಿಸಿ ಒತ್ತಡ ಇಳಿಸುತ್ತೇನೆ. ನಿಪ್ಪಲ್ ಮೂತಿ ವೇಸ್ಟ್ ಬಟ್ಟೆಯಲ್ಲಿ ಒರೆಸುತ್ತೇನೆ. ಒರೆಸದೆ ಗನ್ ಹಚ್ಚಿದರೆ ಮಣ್ಣನ್ನು ನಾವೇ ಒಳಗೆ ತಳ್ಳಿದ ಹಾಗೆ. ಅಲೆನ್ ಕೀ ಹಾಕಿ ಎದುರಿನ ಪ್ಲಗ್ ಬಿಚ್ಚಿ ಅಂಗಿ ಜೇಬಿಗೆ ಹಾಕಿಕೊಳ್ಳುತ್ತೇನೆ, ಪ್ಯಾಂಟ್ ಜೇಬಲ್ಲ, ಒಂದು ಸಲ ಕಳೆದಿದ್ದೇನೆ. ಆಮೇಲೆ ನಿಧಾನಕ್ಕೆ ಒತ್ತುವುದು. ಪ್ಲಗ್ಗಿನ ತೂತಿನಿಂದ ಮೊದಲು ಕಪ್ಪಗೆ ಒಂದು ಎಳೆ ಬರುತ್ತದೆ, ಶಾವಿಗೆ ಒತ್ತಿದ ಹಾಗೆ. ಆಮೇಲೆ ಕಂದು. ಆಮೇಲೆ ಜೇನಿನ ಬಣ್ಣ. ಅಲ್ಲಿಗೆ ಸಾಕು. ಇಳಿಸಂಜೆ ಆಗಿದ್ದರೆ ಈ ಬಣ್ಣಗಳು ಕಾಣುವುದಿಲ್ಲ, ಅದಕ್ಕೇ ಬೆಳಗ್ಗೆ.

ಬಣ್ಣ ಕಾಣಲಿ ಅಂತಲೇ ಇದಕ್ಕೆ ಮಾಲಿ (ಮಾಲಿಬ್ಡಿನಂ ಬೆರೆತ) ಗ್ರೀಸ್ ಬಿಟ್ಟೆ. ಮಾಲಿ ಹುಟ್ಟುವಾಗಲೇ ಕಪ್ಪು, ಅದರಲ್ಲಿ ಕೊಳೆ ಯಾವುದು, ಹೊಸದು ಯಾವುದು? ಈಗ ಮ್ಯಾನ್ಯುಯಲ್ ಹೇಳಿದ ಲಿಥಿಯಂ ಇಪಿ 2 ಗ್ರೀಸ್ ಮಾತ್ರ. ಬಕೆಟ್ ಪಿನ್ನುಗಳಿಗೆ ಮಾಲಿಯೇ. ಎರಡಕ್ಕೂ ಬೇರೆ ಬೇರೆ ಗನ್, ಟಿಲ್ಟಿನದಕ್ಕೆ ಕೆಂಪು ಟೇಪು ಸುತ್ತಿದ್ದೇನೆ.

ಆಚೆ ಬಂದ ಗ್ರೀಸನ್ನು ಬೆರಳಲ್ಲಿ ಉಜ್ಜಿ ನೋಡುತ್ತೇನೆ. ಚರಚರ ಅಂದರೆ ವೈಪರ್ ಕಡೆಯಿಂದ ಮರಳು ಬರುತ್ತಿದೆ ಅಂತ. ಗಟ್ಟಿತನ ಹೋಗಿ ಎಣ್ಣೆ ಎಣ್ಣೆಯಾಗಿ ಜಾರಿದರೆ ಒಳಗಿನ ಸೀಲ್ ಬಿಡುತ್ತಿದೆ ಅಂತ. ಹೊರಗೆ ಸೋರುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಗೊತ್ತಾಗುತ್ತದೆ. ಇದು ಮ್ಯಾನ್ಯುಯಲ್ಲಿನಲ್ಲಿ ಇಲ್ಲ, ಮೇಸ್ತ್ರಿ ಹೇಳಿಕೊಟ್ಟಿದ್ದು.

ಈಗ ಒಂದು ಸಣ್ಣ ಅನುಮಾನ ಇದೆ. ಮಣ್ಣು ತುಂಬಿದ ಬಕೆಟ್ಟನ್ನು ಓರೆ ಹಿಡಿದು ನಿಲ್ಲಿಸಿದರೆ ಎರಡು ನಿಮಿಷಕ್ಕೆ ಬೆರಳಗಲ ಜಾರುತ್ತದೆ. ಪಿಸ್ಟನ್ ಸೀಲೋ, ತಡೆ ಹಿಡಿಯುವ ವಾಲ್ವೋ, ನೋಡಬೇಕು. ಪೈಪ್ ಬಿಚ್ಚಿ ಆಕ್ಚುಯೇಟರ್ ಬಾಯಿಗೆ ಪ್ಲಗ್ ಹಾಕಿಟ್ಟರೂ ಜಾರಿದರೆ ಸೀಲು, ನಿಂತರೆ ವಾಲ್ವು. ಕೆಲಸ ಬಿಡುವಾದಾಗ ಮಾಡುತ್ತೇನೆ.

ತಗೊಳ್ಳಬಹುದಾ ಅಂದರೆ, ವರ್ಷದಲ್ಲಿ ನಾಲ್ಕು ತಿಂಗಳಾದರೂ ಇಳಿಜಾರಿನ ಕೆಲಸ ಇರುವವರು ತಗೊಳ್ಳಿ. ಸುಮ್ನೆ ಪಾಯ ತೆಗೆಯುವವರಿಗೆ ಬೇಡ. ಆಪರೇಟರ್ ತಿಂಗಳಿಗೊಬ್ಬ ಬದಲಾಗುವ ಕಡೆಯಂತೂ ಬೇಡವೇ ಬೇಡ. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಆ ಒಂದೂವರೆ ಕಳೆದದ್ದು ಮಾರಿದವನ ಲೆಕ್ಕಕ್ಕೆ. ಈ ಸಲ ಸೀಲ್ ಕಿಟ್ ಮೊದಲೇ ತರಿಸಿ, ಕವರ್ ಬಿಚ್ಚದೆ, ಬಿಸಿಲು ತಾಗದ ಹಾಗೆ ಬೀರುವಿನಲ್ಲಿ ಇಟ್ಟಿದ್ದೇನೆ. ರೇಷ್ಮೆ ಸೀರೆ ಪಕ್ಕ ರಬ್ಬರ್ ವಾಸನೆ ಅಂತ ಮನೆಯಲ್ಲಿ ಮತ್ತೆ ಮಾತುಕತೆ ಇಲ್ಲ.