ಸಿಂಧನೂರಿನ ವಾಟರ್ ಫಿಲ್ಟರ್ ಅಂಗಡಿ: ರೇಟ್ ಸ್ವಲ್ಪ ಜಾಸ್ತಿ, ಮಾತು ಖರೇ

ಬಸ್ ಸ್ಟ್ಯಾಂಡ್ ಕಡಿ ಇರೋ ಈ ಅಂಗಡಿಯಾಗ ಮನಿಗೆ ಆರ್‌ಒ ಹಾಕಿಸೀವ್ರಿ. ರೇಟ್ ಜಾಸ್ತಿನ ಐತಿ, ಆದ್ರೂ ಹೋಗ್ರಿ ಅಂತೀನಿ. ಬ್ಯಾರೆ ಕಡಿ ಗ್ಲಾಸಿನಾಗ ಟಿಡಿಎಸ್ ಮೀಟರ್ ಅದ್ದಿ ನಂಬರ್ ತೋರಿಸಿ ನೀರು ಕ್ಲೀನ್ ಅಂದ್ಬಿಡ್ತಾರ, ಇಲ್ಲಿ ಅಣ್ಣಾರು "ಇದು ಉಪ್ಪಿನಂಶ ಅಷ್ಟ ಹೇಳ್ತೈತ್ರಿ, ಹೊಲಕ್ಕ ಹೊಡಿಯೋ ಎಣ್ಣಿ ಇದ್ರ ಇದಕ್ಕ ಗೊತ್ತಾಗಂಗಿಲ್ಲ" ಅಂತ ತಾವಾಗೇ ಹೇಳಿದ್ರು. ಖರೇನ ಅದು. ಐಎಸ್ 10500 ಅಂದ್ರ ಕುಡಿಯೋ ನೀರಿಗೆ ನಮ್ಮ ದೇಶದ ಮಾನದಂಡ, ಅದ್ರ ಪ್ರಕಾರ ಕುಡಿಯೋ ನೀರಾಗ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ತನಕ ಓಕೆ, ಎಂಡೋಸಲ್ಫಾನ್ ಅನ್ನೋ ಹೊಲದ ಎಣ್ಣಿ ಮಾತ್ರ 0.4 ಮೈಕ್ರೋಗ್ರಾಂ ದಾಟಬಾರ್ದು, ಅದನ್ನ ಲ್ಯಾಬಿನಾಗಷ್ಟ ಹಿಡಿಯಾಕ ಬರ್ತೈತಿ.

ನಾವು ಕುಡಿಯೋದು ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವೆ ನೀರು. ತುಂಗಾ ಭದ್ರಾ ಕೂಡ್ಲಿಯಾಗ ಕೂಡಿ, ದಾರಿಯಾಗಿನ ಊರು ಹೊಲ ಫ್ಯಾಕ್ಟರಿ ಎಲ್ಲಾದ್ರದ್ದೂ ತಗೊಂಡು ಡ್ಯಾಮಿಗೆ ಬರ್ತಾವ. ಡಿಡಿಟಿ, ಎಂಡೋಸಲ್ಫಾನ್‌ನಂಥ ಎಣ್ಣಿ ನೀರಾಗ ಕರಗೋದು ಭಾಳ ಕಡಿಮಿ, ಮಣ್ಣಿಗೆ ಅಂಟ್ಕೊಂಡು ಮಳಿಗಾಲದ ಕೆಂಪು ನೀರಿನ ಜೋಡಿ ಹರೀತಾವ, ನೀರು ನಿಂತಲ್ಲಿ ಹೂಳಾಗಿ ಕೂಡ್ತಾವ, ದೊಡ್ಡ ಹೊಳಿ ಬಂದ್ರ ಮತ್ತ ಎದ್ದು ಮುಂದಕ್ಕ ಹೊಂಟ್ವು. ಡ್ಯಾಮು 133 ಟಿಎಂಸಿ ಇದ್ದದ್ದು ಹೂಳು ತುಂಬಿ 105ರ ಆಸುಪಾಸಿಗೆ ಬಂದೈತಿ, ಮ್ಯಾಲಿಂದ ಎಷ್ಟು ಮಣ್ಣು ಬಂದಿರಬೇಕು ನೋಡ್ರಿ. ಎಂಡೋಸಲ್ಫಾನ್ 2011ರಾಗ ಸುಪ್ರೀಂ ಕೋರ್ಟ್ ಬಂದ್ ಮಾಡಿಸ್ತು, ಮಣ್ಣಾಗಿದ್ದದ್ದು ಆರ್ಡರ್ ಕೇಳಿ ಹೋಗಂಗಿಲ್ಲಲ್ಲ. ನಾನ್‌ಸ್ಟಿಕ್ ಪಾತ್ರೆ ಮಾಡಾಕ ಬಳಸೋ ಪಿಎಫ್‌ಎಎಸ್ ಅನ್ನೋ ಕೆಮಿಕಲ್ ಬ್ಯಾರೆ ಥರ, ಅದ್ರಾಗ ಭಾಳಷ್ಟು ನೀರಾಗೇ ಕರಗಿ ಹೋಗ್ತಾವ, ಬೋರಿಗೂ ಇಳೀತಾವ, ಕುದಿಸಿದ್ರೂ ಹೋಗಂಗಿಲ್ಲ.

ಸರ್ವೀಸಿಗೆ ಬಂದ ಹುಡುಗ ಸೆಡಿಮೆಂಟ್ ಫಿಲ್ಟರ್ ತಗದು ತೋರಿಸಿದ, ಹೊಸದಿದ್ದಾಗ ಹಾಲಿನಂಗ ಬೆಳ್ಳಗಿದ್ದದ್ದು ಪೂರಾ ರಾಡಿ ಬಣ್ಣ, ಉಗುರಿಲೆ ಕೆರದ್ರ ನುಣ್ಣನೆ ಮಣ್ಣು ಬರ್ತಿತ್ತು. ಕಾರ್ಬನ್ ಫಿಲ್ಟರ್ ಮಾತ್ರ ಹೊರಗಿಂದ ನೋಡಿದ್ರ ಏನೂ ಗೊತ್ತಾಗಂಗಿಲ್ಲ, ಆದ್ರ ಎಣ್ಣಿ ಅಂಶ ಹಿಡಿಯೋದು ಅದ, ತುಂಬಿದ ಮ್ಯಾಲ ಹಿಡಿಯೋದ ಬಿಡ್ತೈತಿ, ಹಂಗಾಗಿ ಟೈಮಿಗೆ ಚೇಂಜ್ ಮಾಡ್ಲೇಬೇಕು. ಇವ್ರು ಮಾರ್ಕರಿಲೆ ಡೇಟ್ ಬರದು ಕೂಡಿಸ್ತಾರ, ಭಾಳ ಚಲೋ ಪದ್ಧತಿ.

ಒಂದು ಸ್ಟಾರ್ ಕಟ್ ಮಾಡೀನಿ. ಫೋನ್ ಮಾಡಿದ್ರ ಲಗೂನ ಬರಂಗಿಲ್ಲ ಅನ್ನೋದು ಒಂದು, ಆರ್‌ಒ ಹೊರಗ ಬಿಡೋ ವೇಸ್ಟ್ ನೀರು ಕಾಯಿಪಲ್ಲೆ ಗಿಡಕ್ಕ ಬಿಡ್ರಿ ಅಂತ ಎಲ್ಲಾರ್ಗೂ ಹೇಳ್ತಾರ ಅನ್ನೋದು ಇನ್ನೊಂದು. ಆರ್‌ಒ ಒಳಗಿನ ಜರಡಿಯಂಥ ಮೆಂಬ್ರೇನ್ ತಡದದ್ದೆಲ್ಲ ಆ ನೀರಾಗ ಇರ್ತೈತ್ರಿ, ಗಟಾರಕ್ಕ ಬಿಟ್ರೂ ಹಳ್ಳ ಹಿಡಿದು ಹೊಳಿಗೇ ಹೋಗಿ ಕೆಳಗಿನ ಊರವ್ರಿಗೆ ಮುಟ್ತೈತಿ. ನಾವು ಒಂದು ಡ್ರಮ್ಮಿಗೆ ಬಿಟ್ಟು ನೆಲ ಒರೆಸಾಕ, ಬಾತ್‌ರೂಮಿಗೆ ಅಷ್ಟ ಬಳಸ್ತೀವಿ. ಕಾರ್ಬನ್ ಫಿಲ್ಟರ್ ರೇಟ್ ಮಾತ್ರ ಬಿಲ್ಲಿನಾಗ ಬ್ಯಾರೆ ಬರಸ್ಕೊಳ್ರಿ, ವರ್ಷದ ಸರ್ವೀಸ್ ಕರಾರು ಅಂದ್ರ ಎಎಂಸಿಯಾಗ ಅದು ಬರಂಗಿಲ್ಲ.