ಮಗಳ ಸಿಲಿಂಡರ್ ಪವರ್ ಕನ್ನಡಕ: ಒಂದೂವರೆ ವರ್ಷದ ಅನುಭವ

ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಕಾಪಿ ಪುಸ್ತಕದ ಇಡೀ ಪುಟ ‘ಉಪಾ, ಉಪಾ’ ಅಂತ ಬರೆದುಕೊಂಡು ಬಂದಳು. ಬೋರ್ಡಿನ ಮೇಲಿದ್ದದ್ದು ‘ಉಷಾ’. ಮನೆಯಲ್ಲಿ ಬಾಯಲ್ಲಿ ಹೇಳಿದರೆ ಷ ಸರಿಯಾಗಿಯೇ ಬರೆಯುತ್ತಾಳೆ, ಬೋರ್ಡ್ ನೋಡಿ ಬರೆದರೆ ಮಾತ್ರ ಒಳಗಿನ ಪುಟ್ಟ ಗೆರೆ ಇರುವುದಿಲ್ಲ. ಇದನ್ನು ಮೊದಲು ಗಮನಿಸಿದ್ದು ಅವಳ ಮಿಸ್. ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಗಾಬರಿಯಲ್ಲಿ ಮನೆ ಹತ್ತಿರದ ಕನ್ನಡಕದ ಅಂಗಡಿಗೆ ಓಡಿದೆವು. ಹೆಸರು ಬೇಡ. ಅಲ್ಲಿ ಕಂಪ್ಯೂಟರ್ ಟೆಸ್ಟ್ ಎರಡೇ ನಿಮಿಷ, ಚೀಟಿ ಕೈಗೆ ಬಂತು. ನನ್ನ ಅಕ್ಕ ಮಾತ್ರ ಬಿಡಲಿಲ್ಲ, “ಮಕ್ಕಳಿಗೆ ಡ್ರಾಪ್ಸ್ ಹಾಕದೆ ಪವರ್ ನೋಡಿಸಬೇಡ ಕಣೇ” ಅಂತ ಹಟ ಹಿಡಿದಳು. ಹಾಗಾಗಿ ಮೈಸೂರಿನಲ್ಲೇ ಮಕ್ಕಳ ಕಣ್ಣಿನ ಡಾಕ್ಟರ್ ಹತ್ತಿರ ಹೋದೆವು.

ಡ್ರಾಪ್ಸ್ ಉರಿಯುತ್ತದೆ, ಮಗು ಅಳುತ್ತದೆ. ಪಾಪೆ ದೊಡ್ಡದಾಗುವವರೆಗೆ ಸುಮಾರು ಒಂದು ಗಂಟೆ ಕಾಯಬೇಕು, ಆ ದಿನವೆಲ್ಲ ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಮಸುಕು. ಒಂದು ಟೋಪಿ ಇಟ್ಟುಕೊಂಡು ಹೋಗಿ. ಆದರೆ ಈ ಟೆಸ್ಟ್ ಬಿಡಲೇಬೇಡಿ. ಚಿಕ್ಕ ಮಕ್ಕಳ ಕಣ್ಣು ಮೆಷಿನ್ ಮುಂದೆ ತಾನೇ ಫೋಕಸ್ ಬಿಗಿ ಹಿಡಿದುಬಿಡುತ್ತದೆ, ಹಾಗಾಗಿ ಇಲ್ಲದ ಮೈನಸ್ ಪವರ್ ತೋರಿಸಬಹುದು. ನಮ್ಮ ಮಗಳಿಗೆ ಅಂಗಡಿಯ ಚೀಟಿಯಲ್ಲಿ ಮೈನಸ್ 1.75 ಇತ್ತು, ಡ್ರಾಪ್ಸ್ ಹಾಕಿದ ಮೇಲೆ ಬರೀ 0.50. ನಿಜವಾದ ತೊಂದರೆ ಇದ್ದದ್ದು ಸಿಲಿಂಡರಿನಲ್ಲಿ, ಬಲಗಣ್ಣಿಗೆ 3, ಎಡಗಣ್ಣಿಗೆ 1.75. ಕಣ್ಣಿನ ಮುಂದಿನ ಪಾರದರ್ಶಕ ಪದರ (ಕಾರ್ನಿಯಾ) ಗೋಲಿಯಂತೆ ದುಂಡಗಿರುವ ಬದಲು ಚಮಚದ ಬೆನ್ನಿನ ಹಾಗೆ ಇದೆ, ಅದಕ್ಕೇ ಒಂದು ದಿಕ್ಕಿನ ಗೆರೆ ಕಾಣುತ್ತದೆ, ಇನ್ನೊಂದು ದಿಕ್ಕಿನದು ಕಲಸಿಹೋಗುತ್ತದೆ ಅಂತ ಡಾಕ್ಟರ್ ಸಮಾಧಾನದಿಂದ ವಿವರಿಸಿದರು.

ಮೊದಲ ಕನ್ನಡಕವನ್ನು ಡಾಕ್ಟರ್ ಚೀಟಿ ಕೊಟ್ಟು ಅದೇ ಅಂಗಡಿಯಲ್ಲಿ ಮಾಡಿಸಿದೆವು. ನಾನು ಬೇಸರದಿಂದ ಬರೆಯುತ್ತಿರುವುದು ಇದನ್ನೇ. ಹಾಕಿಕೊಂಡ ದಿನದಿಂದ ಮಗಳು “ಅಮ್ಮಾ, ತಲೆ ನೋವು, ನೆಲ ವಾಲಿದೆ” ಅನ್ನುತ್ತಿದ್ದಳು. ಹೊಸ ಕನ್ನಡಕ ಅಭ್ಯಾಸ ಆಗುತ್ತೆ ಅಂತ ಅಂಗಡಿಯವರು ಕಳಿಸಿದರು. ಸಿಲಿಂಡರ್ ಪವರ್‌ಗೆ ಮೊದಲ ಕೆಲವು ದಿನ ಹಾಗೆ ಅನ್ನಿಸುವುದು ಉಂಟು, ನಿಜ. ಆದರೆ ಮೂರು ವಾರ? ಆಸ್ಪತ್ರೆಗೆ ತೆಗೆದುಕೊಂಡು ಹೋದಾಗ ಅಲ್ಲಿನ ಹುಡುಗಿ ಕನ್ನಡಕವನ್ನು ಲೆನ್ಸಿನ ಪವರ್ ಅಳೆಯುವ ಲೆನ್ಸೋಮೀಟರಿಗೆ ಇಟ್ಟು ನೋಡಿ ಸುಮ್ಮನಾದಳು. ಮತ್ತೆ ತಿರುಗಿಸಿ ಇಟ್ಟಳು. ಚೀಟಿಯಲ್ಲಿ ಆಕ್ಸಿಸ್, ಅಂದರೆ ಸಿಲಿಂಡರ್ ಕೂರಬೇಕಾದ ಕೋನ, 180 ಇತ್ತು, ಬಲಗಡೆಯ ಲೆನ್ಸ್ 160ರಲ್ಲಿ ಕೂತಿತ್ತು. ಇಪ್ಪತ್ತು ಡಿಗ್ರಿ ತಿರುಗಿದರೆ ಸಿಲಿಂಡರಿನ ಲಾಭದಲ್ಲಿ ಮೂರನೇ ಎರಡು ಪಾಲು ಹೋಗಿಬಿಡುತ್ತದಂತೆ, ಮೂವತ್ತಾದರೆ ಏನೂ ಉಳಿಯುವುದಿಲ್ಲ. ಆ ಮೂರು ವಾರ ಮಗುವಿಗೆ ಸುಮ್ನೆ ಗದರಿದ್ದೆ, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡನೆಯದನ್ನು ಬೇರೆ ಅಂಗಡಿಯಲ್ಲಿ ಮಾಡಿಸಿದೆವು. ಇದಕ್ಕೆ ನಾನು ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಆ ಯಜಮಾನರು ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಮೂಗಿನ ಮೇಲೆ ಫ್ರೇಮ್ ಇಟ್ಟು, ಬಗ್ಗು ಅಂದರು, ಕುಣಿ ಅಂದರು, ಜಾರುತ್ತದಾ ನೋಡಿದರು. ಫ್ರೇಮ್ ಜಾರಿ ಓರೆಯಾದರೂ ಆಕ್ಸಿಸ್ ತಪ್ಪುತ್ತದೆ ಅಲ್ವಾ, ಅದಕ್ಕೆ. ಸಿಲಿಕಾನ್ ಮೂಗಿನ ಪ್ಯಾಡ್, ಹಿಂದೆ ಪಟ್ಟಿ, ಬಿದ್ದರೂ ಸುಲಭಕ್ಕೆ ಚೂರಾಗದ ಪಾಲಿಕಾರ್ಬನೇಟ್ ಲೆನ್ಸ್. ಒಟ್ಟು 2,800 ರೂಪಾಯಿ. ಸ್ಕ್ರೀನಿನ ನೀಲಿ ಬೆಳಕು ತಡೆಯುವ ಬ್ಲೂ ಕಟ್ ಬೇಕಾ ಅಂತ ಕೇಳಿದ್ದಕ್ಕೆ “ಮಗುಗೆ ಅದರ ಅಗತ್ಯ ಇಲ್ಲಮ್ಮ” ಅಂದುಬಿಟ್ಟರು. ಗೀರು ಬೇಗ ಬೀಳುತ್ತದೆ, ಅದೊಂದೇ ದೂರು.

ಕನ್ನಡಕ ಹಾಕಿದರೂ ಬಲಗಣ್ಣು 6/18ರಲ್ಲೇ ಇತ್ತು, ಅಂದರೆ ಸರಿಯಾದ ಕಣ್ಣು 18 ಮೀಟರಿನಿಂದ ಓದುವ ಅಕ್ಷರ ಇವಳಿಗೆ 6 ಮೀಟರಿನಿಂದ ಮಾತ್ರ ಕಾಣುತ್ತಿತ್ತು (6/6 ಅಂದರೆ ಸರಿಯಾದ ದೃಷ್ಟಿ). ಇಷ್ಟು ದಿನ ಸರಿಯಾದ ಚಿತ್ರವೇ ಸಿಗದೆ ಆ ಕಣ್ಣು ಸೋಮಾರಿಯಾಗಿತ್ತು. ಸುಮಾರು ನಾಲ್ಕು ತಿಂಗಳು ಬರೀ ಕನ್ನಡಕ, ಆಮೇಲೆ ಬಲಗಣ್ಣು ಕೆಲಸ ಮಾಡಲಿ ಅಂತ ಎಡಗಣ್ಣು ಮುಚ್ಚುವ ಪ್ಯಾಚ್, ದಿನಕ್ಕೆ ಎರಡು ಗಂಟೆ. ಏಳೆಂಟು ವರ್ಷದೊಳಗೆ ಮಾಡಿದರೆ ಫಲ ಚೆನ್ನಾಗಿ ಸಿಗುತ್ತದೆ, ತಡ ಮಾಡಬೇಡಿ ಅಂದಿದ್ದರು. ಪ್ಯಾಚ್ ಹಾಕಿದಾಗ ರಂಗೋಲಿ ಚುಕ್ಕಿ ಸೇರಿಸುವ ಕೆಲಸ ಕೊಡುತ್ತಿದ್ದೆ. ಮೊದಮೊದಲು ಚುಕ್ಕಿ ತಪ್ಪಿಸಿ ಗೆರೆ ಎಳೆಯುತ್ತಿದ್ದಳು, ಆಮೇಲಾಮೇಲೆ ಏಳರಿಂದ ನಾಲ್ಕರದ್ದೂ ಸಲೀಸು.

ಉಳಿದ ದಾರಿಗಳನ್ನೂ ಕೇಳಿದೆವು. ಸಿಲಿಂಡರಿಗೆ ಟೋರಿಕ್ ಕಾಂಟ್ಯಾಕ್ಟ್ ಲೆನ್ಸ್ ಇದೆ, ಆದರೆ ಕೈ ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ಮಗು ತಾನೇ ನೋಡಿಕೊಳ್ಳುವ ವಯಸ್ಸಿಗೆ ಅಂದರು. ಲೇಸರ್ ಅಂತೂ 18 ತುಂಬಿ ಪವರ್ ನಿಂತ ಮೇಲಿನ ಮಾತು. ಈಗ ಎಲ್ಲ ಕಡೆ ಹೇಳುವ ಅಟ್ರೋಪಿನ್ ಡ್ರಾಪ್ಸ್ ಮೈನಸ್ ಏರುವುದನ್ನು ನಿಧಾನ ಮಾಡಲು, ಸಿಲಿಂಡರ್ ತೆಗೆಯುವುದಕ್ಕಲ್ಲ. ನಮ್ಮತ್ತೆ ದಿನಾ ಹೊನಗೊನ್ನೆ ಸೊಪ್ಪಿನ ಪಲ್ಯ ಮಾಡಿದರು. ಸೊಪ್ಪು ಒಳ್ಳೆಯದೇ, ತಿನ್ನಲಿ, ಆದರೆ ಸೊಪ್ಪಿಗಾಗಲಿ ಕಣ್ಣಿನ ವ್ಯಾಯಾಮಕ್ಕಾಗಲಿ ಆ ಪದರದ ಆಕಾರ ಬದಲಾಗುವುದಿಲ್ಲ. “ಕನ್ನಡಕ ತೆಗೆಸುತ್ತೇವೆ” ಅನ್ನುವವರಿಗೆ ದಯವಿಟ್ಟು ದುಡ್ಡು ಕೊಡಬೇಡಿ. ಒಂದು ಮಾತು, ಮಗು ಅಲರ್ಜಿಯಿಂದ ಕಣ್ಣು ಉಜ್ಜುತ್ತಲೇ ಇದ್ದು ಸಿಲಿಂಡರ್ ಏರುತ್ತಾ ಹೋದರೆ ಕಾರ್ನಿಯಾ ಸ್ಕ್ಯಾನ್ ಬಗ್ಗೆ ಕೇಳಿ, ಪದರ ತೆಳುವಾಗಿ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಇರಬಹುದು, ಅದರ ಚಿಕಿತ್ಸೆಯೇ ಬೇರೆ.

ಖರ್ಚಿನ ಚಿಂತೆ ಇದ್ದರೆ ಬೆಂಗಳೂರಿನವರಿಗೆ 1896ರಿಂದ ಇರುವ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ. ಸರ್ಕಾರಿ ಶಾಲೆ, ಅಂಗನವಾಡಿಗಳಿಗೆ ಆರೋಗ್ಯ ತಪಾಸಣೆ ತಂಡ ಬಂದಾಗ ಮಗುವನ್ನು ತಪ್ಪಿಸಬೇಡಿ, ಅವರು ಕಣ್ಣನ್ನೂ ನೋಡುತ್ತಾರೆ.

ಕಳೆದ ತಿಂಗಳ ಚೆಕಪ್‌ನಲ್ಲಿ ಬಲಗಣ್ಣು 6/9ಕ್ಕೆ ಬಂದಿದೆ. ಪ್ಯಾಚ್ ವಾರಕ್ಕೆ ಮೂರೇ ದಿನ. ಫ್ರೇಮ್ ಕಿವಿಯ ಹಿಂದೆ ಬಿಗಿಯಾಗುತ್ತಿದೆ, ಶನಿವಾರ ಅದೇ ಯಜಮಾನರ ಹತ್ತಿರ ಹೊಸದು ಮಾಡಿಸಬೇಕು. ಈ ಸಲವೂ ಆಸ್ಪತ್ರೆಯಲ್ಲಿ ಲೆನ್ಸೋಮೀಟರಿಗೆ ಇಟ್ಟು ನೋಡಿಸಿಯೇ ಅವಳಿಗೆ ಹಾಕುವುದು.